ಗುಂಡಿಯ ಬಿಲ್ ಯಾರು ಕಟ್ಟೋದು? ಬೈಕ್ ಸೀಟಿನ 140 ವರ್ಷದ ಕಥೆ

ಬೈಕ್ ಓಡಿಸ್ತಾ ಕೇಳ್ತಿದ್ರೆ ಮಾತ್ರ ದಯವಿಟ್ಟು ಈಗಲೇ ನಿಲ್ಲಿಸಿ, ಮನೆ ಸೇರಿದ ಮೇಲೆ ಕೇಳಿ. ಇದು 140 ವರ್ಷದ ಕಥೆ, ಸಂಜೆವರೆಗೆ ಕಾಯುತ್ತೆ.

ಹೋದ ವರ್ಷ ನವೆಂಬರ್‌ನಲ್ಲಿ ಅಮ್ಮನನ್ನ ಹಿಂದೆ ಕೂರಿಸಿಕೊಂಡು ಮೈಸೂರಿನಿಂದ ಮಡಿಕೇರಿಗೆ ಹೊರಟೆ. ಅಲ್ಲಿ ಚಿಕ್ಕಮ್ಮನ ಮನೆ. ಸುಮಾರು 120 ಕಿಲೋಮೀಟರ್ ದಾರಿ. ಹೊಸ ಬೈಕು, ಒಳ್ಳೇ ಹವಾಮಾನ, ನನಗಂತೂ ಸ್ವರ್ಗ. ಹುಣಸೂರು ದಾಟೋವರೆಗೂ ಅಮ್ಮ ಹಿಂದಿನಿಂದ ಮಾತಾಡ್ತಾನೇ ಇದ್ದಳು. ಪಿರಿಯಾಪಟ್ಟಣದ ಹೊತ್ತಿಗೆ ಮಾತು ನಿಂತಿತು. ದೃಶ್ಯ ನೋಡ್ತಿದ್ದಾಳೆ ಅಂದ್ಕೊಂಡೆ. ಬೈಲಕುಪ್ಪೆ ಹತ್ತಿರ ಹೆಗಲು ತಟ್ಟಿದಳು. ಗಾಡಿ ನಿಲ್ಲಿಸಿದೆ. ಇಳಿಯೋಕೆ ಅವಳಿಗೆ ನನ್ನ ಕೈ ಬೇಕಾಯ್ತು. ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು ಒಂದು ನಿಮಿಷ ಸುಮ್ಮನೆ ನಿಂತು, "ನೀನು ಗಾಡೀಲಿ ಬಾ ಕಣೋ, ನಾನು ಬಸ್ಸಲ್ಲಿ ಬರ್ತೀನಿ" ಅಂದಳು.

ಹಾಗೇ ಆಯ್ತು. ಮಡಿಕೇರಿವರೆಗೂ ಕೆಂಪು ಬಸ್ಸಿನ ಹಿಂದೆ ನಾನು. ಕಿಟಕಿ ಪಕ್ಕ ಕೂತ ಅಮ್ಮ ಒಂದೆರಡು ಸಲ ತಿರುಗಿ ಕೈ ಬೀಸಿದಳು. ನನಗೆ ನಗು ಬರಲಿಲ್ಲ. ಒಂದೇ ಗಾಡಿ, ಒಂದೇ ರಸ್ತೆ, ಒಂದೇ ವೇಗ. ನನಗೆ ಏನೂ ಆಗಿಲ್ಲ, ಒಂದಡಿ ಹಿಂದೆ ಕೂತಿದ್ದವಳಿಗೆ ನಿಲ್ಲೋಕೂ ಆಗ್ತಿಲ್ಲ. ಯಾಕೆ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಈ ಸಂಚಿಕೆ.

ನಾನು ಓದಿದ್ದು ಬಿಕಾಂ, ಎಂಜಿನಿಯರಿಂಗ್ ಅಲ್ಲ. ಹಾಗಾಗಿ ನನಗೆ ಇದೆಲ್ಲ ಲೆಕ್ಕದ ಪುಸ್ತಕದ ಥರಾನೇ ಕಾಣೋದು. ಚಕ್ರ ಒಂದು ಗುಂಡಿಗೆ ಬಿತ್ತು ಅನ್ಕೊಳ್ಳಿ. ಆ ಏಟು ಸುಮ್ಮನೆ ಮಾಯ ಆಗಲ್ಲ, ಯಾರಾದ್ರೂ ಅದರ ಬಿಲ್ ಕಟ್ಟಲೇಬೇಕು. ಟೈರ್ ಸ್ವಲ್ಪ ಕಟ್ಟುತ್ತೆ, ಸ್ಪ್ರಿಂಗ್ ಸ್ವಲ್ಪ, ಸೀಟು ಸ್ವಲ್ಪ. ಇವ್ಯಾವೂ ಕಟ್ಟದೆ ಬಿಟ್ಟಿದ್ದು ನೇರ ನಮ್ಮ ಬೆನ್ನುಮೂಳೆಯ ಖಾತೆಗೆ. ಬೈಕ್ ಸವಾರಿ ಸುಖವಾಗ್ತಾ ಬಂದ ಕಥೆ ಅಂದ್ರೆ ಈ ಬಿಲ್ಲನ್ನ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸ್ತಾ ಬಂದ ಕಥೆ.

ಮೊದಲ ಪುಟಕ್ಕೆ ಹೋಗೋಣ. 1885, ಜರ್ಮನಿಯ ಕಾನ್‌ಸ್ಟಾಟ್. ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬ್ಯಾಕ್ ಸೇರಿ 'ರೈಟ್‌ವಾಗನ್' ಅನ್ನೋ ಗಾಡಿ ಮಾಡಿದ್ರು. ಪೆಟ್ರೋಲ್ ಎಂಜಿನ್ ಇಟ್ಟ ಮೊದಲ ದ್ವಿಚಕ್ರ ವಾಹನ ಅಂತ ಹೆಸರಾಗಿರೋದು ಇದೇ. ಮರದ ಚೌಕಟ್ಟು, ಮರದ ಚಕ್ರ, ಚಕ್ರದ ಸುತ್ತ ಕಬ್ಬಿಣದ ಪಟ್ಟಿ. ನಮ್ಮ ಎತ್ತಿನ ಗಾಡಿಯ ಚಕ್ರ ನೆನಪಿಸ್ಕೊಳ್ಳಿ. ಅದರ ಮೇಲೆ ಕುದುರೆ ಜೀನಿನ ಥರದ ಒಂದು ಸೀಟು, ಸೀಟಿನ ಕೆಳಗೇ ಎಂಜಿನ್. ಇಂಧನ ಹೊತ್ತಿಸೋಕೆ ಕೆಂಪಗೆ ಕಾಯಿಸಿದ ಒಂದು ಕೊಳವೆ ಅಲ್ಲೇ ಇತ್ತು. ಡೈಮ್ಲರ್ ಅವರ ಮಗ ಓಡಿಸಿ ನೋಡುವಾಗ ಆ ಬಿಸಿಗೆ ಸೀಟಿಗೇ ಬೆಂಕಿ ಹತ್ತಿಕೊಂಡಿತು ಅನ್ನೋದು ಈ ಗಾಡಿಯ ಬಗ್ಗೆ ಹೇಳುವ ಪ್ರಸಿದ್ಧ ಕಥೆ. ಅಂದ್ರೆ ಮೋಟಾರ್ ಸೈಕಲ್ಲಿನ ಇತಿಹಾಸ ಶುರುವಾಗಿದ್ದೇ ಸೀಟಿನ ಸಮಸ್ಯೆಯಿಂದ.

ಮೊದಲು ಬಿಲ್ ಕಟ್ಟೋಕೆ ಮುಂದೆ ಬಂದಿದ್ದು ಗಾಳಿ. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ಊರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅನ್ನೋ ದನದ ಡಾಕ್ಟರು, ಮಗನ ಮೂರು ಚಕ್ರದ ಸೈಕಲ್ಲಿಗೆ ಅಂತ ಮಾಡಿದ ಗಾಳಿ ತುಂಬಿದ ರಬ್ಬರ್ ಟೈರಿಗೆ ಪೇಟೆಂಟ್ ತಗೊಂಡ್ರು. ಇದೇ ಯೋಚನೆಗೆ 1840ರ ದಶಕದಲ್ಲೇ ರಾಬರ್ಟ್ ಥಾಮ್ಸನ್ ಅನ್ನೋರು ಪೇಟೆಂಟ್ ಪಡೆದಿದ್ರು, ಆದ್ರೆ ಲೋಕ ಅದನ್ನ ಮರೆತಿತ್ತು. 1894ರಲ್ಲಿ ಮ್ಯೂನಿಕ್‌ನಲ್ಲಿ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯೂಲರ್ ಅನ್ನೋ ಕಂಪನಿ ಮೊದಲ ಬಾರಿಗೆ ಮಾರಾಟಕ್ಕೆ ಅಂತ ಸಾಲಾಗಿ ಬೈಕ್ ತಯಾರಿಸಿದಾಗ ಅದಕ್ಕೆ ಹಾಕಿದ್ದು ಗಾಳಿ ಟೈರು. ಇವತ್ತಿಗೂ ದೂರದ ಸವಾರಿಯ ಅತಿ ಅಗ್ಗದ ಸುಖ ಇದೇ. ಒಬ್ಬರಿಗೆ ಎಷ್ಟು ಗಾಳಿ, ಇಬ್ಬರಿಗೆ ಎಷ್ಟು ಅಂತ ಚೈನ್ ಕವರ್ ಮೇಲೋ ಕೈಪಿಡಿಯಲ್ಲೋ ಬರೆದಿರುತ್ತೆ. ನಾನು ಅವತ್ತಿನವರೆಗೂ ಓದಿರಲಿಲ್ಲ.

ಆಮೇಲೆ ಬಂದಿದ್ದು ಸೀಟಿನ ಸ್ಪ್ರಿಂಗ್. ಶುರುವಿನ ಬೈಕುಗಳಿಗೆ ಹಿಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇರಲೇ ಇಲ್ಲ. ಚಕ್ರ ನೇರ ಫ್ರೇಮಿಗೆ ಬಿಗಿ. ಅದರ ಬದಲು ಚರ್ಮದ ಸೀಟಿನ ಕೆಳಗೆ ಎರಡು ಸುರುಳಿ ಸ್ಪ್ರಿಂಗ್. ತಾತನ ಕಾಲದ ಸೈಕಲ್ ಸೀಟು ನೋಡಿದ್ರೆ ಗೊತ್ತಾಗುತ್ತೆ. 1912ರಲ್ಲಿ ಅಮೆರಿಕದ ಹಾರ್ಲೆ ಡೇವಿಡ್‌ಸನ್ ಇನ್ನೊಂದು ಹೆಜ್ಜೆ ಇಟ್ಟು ಸೀಟಿನ ಕೆಳಗಿನ ಕೊಳವೆಯೊಳಗೇ ಸ್ಪ್ರಿಂಗ್ ಕೂರಿಸಿತು. ಗಮನಿಸಿ: ಇಲ್ಲಿ ಗಾಡಿ ಪೂರ್ತಿ ಏಟು ತಿನ್ನುತ್ತೆ, ಸವಾರ ಮಾತ್ರ ತೇಲ್ತಾನೆ. ಹಿಂದೆ ಯಾರಾದ್ರೂ ಕೂತಿದ್ರೆ? ಅವರಿಗೆ ಹಿಂದಿನ ಚಕ್ರದ ಮಡ್‌ಗಾರ್ಡ್ ಮೇಲೋ ಕ್ಯಾರಿಯರ್ ಮೇಲೋ ಕಟ್ಟಿದ ಒಂದು ದಿಂಬು.

'ಪಿಲಿಯನ್' ಅನ್ನೋ ಪದವೇ ಕುದುರೆ ಕಾಲದ್ದು. ಸವಾರನ ಜೀನಿನ ಹಿಂದೆ, ಸಾಮಾನ್ಯವಾಗಿ ಹೆಂಗಸರು ಕೂರಲಿ ಅಂತ ಹಾಕ್ತಿದ್ದ ಮೆತ್ತೆಗೆ ಆ ಹೆಸರು. ಕುದುರೆ ಹೋಗಿ ಎಂಜಿನ್ ಬಂತು, ಮೆತ್ತೆ ಮಾತ್ರ ಅಲ್ಲೇ ಉಳೀತು.

ಹಾಗಾದ್ರೆ ಹಿಂದಿನ ಚಕ್ರಕ್ಕೇ ಸ್ಪ್ರಿಂಗ್ ಹಾಕೋ ಯೋಚನೆ ಯಾರಿಗೂ ಬರಲಿಲ್ವಾ? ಬಂದಿತ್ತು. 1913ರಲ್ಲೇ ಅಮೆರಿಕದ 'ಇಂಡಿಯನ್' ಕಂಪನಿ ಹಿಂದಿನ ಚಕ್ರಕ್ಕೆ ಲಾರಿಗಳಲ್ಲಿ ಇರೋ ಥರದ ಪಟ್ಟಿ ಸ್ಪ್ರಿಂಗ್ ಕೊಟ್ಟಿತು. ಆದ್ರೆ ಬಹುಪಾಲು ಕಂಪನಿಗಳು ಆ ದಾರಿ ಹಿಡಿಯಲಿಲ್ಲ. ಕೀಲು ಸಡಿಲ ಆದ್ರೆ ಗಾಡಿ ತಿರುವಿನಲ್ಲಿ ತೂಗಾಡುತ್ತೆ ಅನ್ನೋ ಭಯ, ಜೊತೆಗೆ ತೂಕ, ಜೊತೆಗೆ ಖರ್ಚು. ಸುಖ ಬೇಕು ಅನ್ನೋದು ಮೆತ್ತಗಿನವರ ಮಾತು ಅನ್ನೋ ಧೋರಣೆ ಕೂಡ ಸವಾರರಲ್ಲಿ ಇದ್ದೇ ಇತ್ತು. ನಮ್ಮ ರೈಡಿಂಗ್ ಗುಂಪುಗಳಲ್ಲಿ ಅದು ಇವತ್ತಿಗೂ ಇದೆ, ಅಲ್ವಾ? ಬೆನ್ನು ನೋವು ಅಂದ್ರೆ ನಗ್ತಾರೆ.

1935ರಲ್ಲಿ ಬಿಎಂಡಬ್ಲ್ಯು ತನ್ನ ಆರ್12 ಬೈಕಿನ ಮುಂಭಾಗಕ್ಕೆ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕ್ ಹಾಕಿತು. ಕೊಳವೆಯೊಳಗೆ ಕೊಳವೆ, ಒಳಗೆ ಸ್ಪ್ರಿಂಗ್, ಜೊತೆಗೆ ಎಣ್ಣೆ. ಎಣ್ಣೆ ಯಾಕೆ ಮುಖ್ಯ ಅಂದ್ರೆ, ಬರೀ ಸ್ಪ್ರಿಂಗ್ ಏಟನ್ನ ತಗೊಳ್ಳುತ್ತೆ, ಆದ್ರೆ ಮರುಕ್ಷಣ ವಾಪಸ್ ಒದೆಯುತ್ತೆ. ಬ್ಯಾಂಕಿನ ಗಾಜಿನ ಬಾಗಿಲು ಬಿಟ್ಟರೂ ಧಡ್ ಅಂತ ಬಡಿಯದೆ ನಿಧಾನ ಮುಚ್ಚಿಕೊಳ್ಳುತ್ತಲ್ಲ, ಆ ಕೆಲಸವನ್ನ ಇಲ್ಲಿ ಸಣ್ಣ ತೂತುಗಳ ಮೂಲಕ ನುಗ್ಗೋ ಎಣ್ಣೆ ಮಾಡುತ್ತೆ. ಸ್ಪ್ರಿಂಗ್ ತಗೊಂಡ ಸಾಲವನ್ನ ಎಣ್ಣೆ ಕಂತಿನಲ್ಲಿ ತೀರಿಸುತ್ತೆ ಅಂದ್ಕೊಳ್ಳಿ.

ಮುಂದಿನ ಚಕ್ರಕ್ಕೆ ನ್ಯಾಯ ಸಿಕ್ತು. ಹಿಂದಿನದಕ್ಕೆ ಸಿಗೋಕೆ ಎರಡನೇ ಮಹಾಯುದ್ಧ ಮುಗೀಬೇಕಾಯ್ತು. ಮತ್ತು ಇಲ್ಲಿಂದ ಕಥೆ ನಮ್ಮ ಮೈಸೂರಿನ ಕಡೆ ತಿರುಗುತ್ತೆ.

ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯನ್ನ ಯುದ್ಧದಲ್ಲಿ ನಾಜಿಗಳು ತಮ್ಮ ಕೆಲಸಕ್ಕೆ ಹಚ್ಚಿದ್ದರು. ಅಲ್ಲಿನ ಎಂಜಿನಿಯರುಗಳು ಅವರ ಕಣ್ಣು ತಪ್ಪಿಸಿ ಒಂದು ಹೊಸ 250 ಸಿಸಿ ಬೈಕ್ ರೂಪಿಸ್ತಾ ಇದ್ರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದನ್ನ ಪ್ಯಾರಿಸ್ ಪ್ರದರ್ಶನದಲ್ಲಿ ಜಗತ್ತಿಗೆ ತೋರಿಸಿದ್ರು. ಮುಂದೆ ಟೆಲಿಸ್ಕೋಪಿಕ್ ಫೋರ್ಕ್, ಹಿಂದಿನ ಚಕ್ರದ ಎರಡೂ ಬದಿಗೆ ಕೊಳವೆಯೊಳಗೆ ಸ್ಪ್ರಿಂಗ್. ಚೆಕ್ ಜನ ಅದಕ್ಕೆ 'ಪೇರಾಕ್' ಅಂತ ಅಡ್ಡಹೆಸರು ಇಟ್ಟರು. ಅವರ ಭಾಷೇಲಿ 'ಪೇರೊ' ಅಂದ್ರೆ ಸ್ಪ್ರಿಂಗ್. 1950ರ ದಶಕದಲ್ಲಿ ಅದರ ಮುಂದಿನ ಮಾದರಿ ಬಂದಾಗ ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್, ಅಂದ್ರೆ ಕೀಲಿನ ಮೇಲೆ ತೂಗೋ ತೋಳು. ಅದರ ಹೆಸರು 'ಕೀವಾಚ್ಕಾ', ತೂಗೋದು ಅಂತ. ಜನ ಬೈಕಿಗೆ ಹೆಸರಿಟ್ಟಿದ್ದು ವೇಗ ನೋಡಿ ಅಲ್ಲ, ಶಬ್ದ ಕೇಳಿ ಅಲ್ಲ. ಕೂತಾಗ ಹೇಗಿತ್ತು ಅನ್ನೋದರಿಂದ.

ಆ ಹೊತ್ತಿಗೆ ಇಂಗ್ಲೆಂಡಿನಲ್ಲೂ ಗಾಳಿ ಬದಲಾಗಿತ್ತು. 1948ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್ ಹಾಕಿದ ಬುಲೆಟ್ ಮಾದರಿಗಳನ್ನ ಕಲ್ಲು ಕೆಸರಿನ ಟ್ರಯಲ್ಸ್ ಸ್ಪರ್ಧೆಗೆ ಇಳಿಸಿತು. ಅದೇ ವರ್ಷ ಇಟಲಿಯ ಸ್ಯಾನ್ ರೆಮೊದಲ್ಲಿ ನಡೆದ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಬುಲೆಟ್ ಸವಾರರು ಚಿನ್ನದ ಪದಕ ತಂದ್ರು. 1949ರಲ್ಲಿ ಅದು ಮಾರುಕಟ್ಟೆಗೆ ಬಂತು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಗಿ ಆ ಬುಲೆಟ್ ನಮ್ಮದೇ ಆಯ್ತು.

ಆಮೇಲೆ ಮತ್ತೆ ಬೆಲ್‌ಫಾಸ್ಟ್, ಗಾಳಿ ಟೈರ್ ಹುಟ್ಟಿದ ಅದೇ ಊರು. ಅಲ್ಲಿನ ರೆಕ್ಸ್ ಮತ್ತು ಕ್ರೋಮಿ ಮೆಕ್‌ಕ್ಯಾಂಡ್‌ಲೆಸ್ ಸಹೋದರರು ಸ್ವಿಂಗ್ ಆರ್ಮ್ ಇರೋ ಹೊಸ ಫ್ರೇಮ್ ಮಾಡಿ ನಾರ್ಟನ್ ಕಂಪನಿಗೆ ಕೊಟ್ಟರು. ಅದನ್ನ ಓಡಿಸಿ ನೋಡಿದ ರೇಸರ್ ಹೆರಾಲ್ಡ್ ಡ್ಯಾನಿಯಲ್, ಇದು ಗರಿಯ ಹಾಸಿಗೆ ಮೇಲೆ ಕೂತ ಹಾಗಿದೆ ಅಂದರಂತೆ. ಅಲ್ಲಿಂದ ಆ ಫ್ರೇಮಿಗೆ 'ಫೆದರ್‌ಬೆಡ್' ಅಂತಲೇ ಹೆಸರು. 1950ರ ಐಲ್ ಆಫ್ ಮ್ಯಾನ್ ರೇಸಿನಲ್ಲಿ ಜೆಫ್ ಡ್ಯೂಕ್ ಅದರ ಮೇಲೆ ಸೀನಿಯರ್ ಟಿಟಿ ಗೆದ್ದರು. ಚಕ್ರ ನೆಲ ಬಿಡದೆ ಅಂಟಿಕೊಂಡಿದ್ದರೆ ಹಿಡಿತ ಜಾಸ್ತಿ, ಸವಾರನಿಗೆ ಸುಸ್ತು ಕಡಿಮೆ, ಹಾಗಾಗಿ ವೇಗಾನೂ ಜಾಸ್ತಿ. 1913ರಿಂದ ಹಿಂದೇಟು ಹಾಕ್ತಿದ್ದ ವಿದ್ಯೆ, ರೇಸ್ ಗೆದ್ದ ಮೇಲೆ ಎಲ್ಲರಿಗೂ ಬೇಕಾಯ್ತು. ಕಾಲೇಜಲ್ಲಿ ನಮ್ಮ ಅಕೌಂಟ್ಸ್ ಮೇಷ್ಟ್ರು ಹೇಳ್ತಿದ್ದರು, ಲಾಭ ತೋರಿಸದೆ ಯಾವ ಖರ್ಚೂ ಪಾಸ್ ಆಗಲ್ಲ ಅಂತ. ಸುಖದ ಖರ್ಚು ಪಾಸ್ ಆಗಿದ್ದು ವೇಗದ ಹೆಸರಲ್ಲಿ.

ಹಾರ್ಲೆ ಹೆಸರುಗಳನ್ನೇ ನೋಡಿ. 1949ರ ಹೈಡ್ರಾ ಗ್ಲೈಡ್ ಅಂದ್ರೆ ಮುಂದೆ ಹೈಡ್ರಾಲಿಕ್ ಫೋರ್ಕ್ ಬಂತು. 1958ರ ಡ್ಯುಯೊ ಗ್ಲೈಡ್ ಅಂದ್ರೆ ಹಿಂದೆಯೂ ಶಾಕ್ ಅಬ್ಸಾರ್ಬರ್ ಬಂತು. 1965ರ ಎಲೆಕ್ಟ್ರಾ ಗ್ಲೈಡ್ ಅಂದ್ರೆ ಕಿಕ್ ಹೊಡೆಯೋ ಕಷ್ಟವೂ ಹೋಯ್ತು. 1976ರಲ್ಲಿ ಬಿಎಂಡಬ್ಲ್ಯು ಆರ್100ಆರ್‌ಎಸ್ ಬಂದಾಗ ಎದುರುಗಾಳಿಯ ಏಟಿಗೂ ಪರಿಹಾರ ಹುಡುಕಿದ್ರು. ಗಾಳಿ ಸುರಂಗದಲ್ಲಿ ಪರೀಕ್ಷೆ ಮಾಡಿದ ಪೂರ್ತಿ ಮುಚ್ಚುಗೆ ಅದಕ್ಕಿತ್ತು. ಅಷ್ಟು ಹೊತ್ತಿಗೆ ಮುಂದೆ ಕೂತವನ ಬಿಲ್ಲೆಲ್ಲ ಹೆಚ್ಚುಕಮ್ಮಿ ಗಾಡಿಯೇ ಕಟ್ಟೋ ಹಾಗೆ ಆಗಿತ್ತು.

ಈಗ ಮೈಸೂರು. ಇರಾನಿ ಕುಟುಂಬದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ ಕೆಲಸ ಶುರು ಮಾಡಿದ್ದು 1961ರಲ್ಲಿ. ಉದ್ಘಾಟನೆ ಮಾಡಿದ್ದು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಅಲ್ಲಿಂದ ಹೊರಬಂದ ಜಾವಾ 250, ಅದೇ ತೂಗೋ 'ಕೀವಾಚ್ಕಾ' ವಂಶದ್ದು. ಕಿಕ್ಕರ್ರೇ ಗೇರ್ ಲಿವರ್ರೂ ಆಗೋ ಮ್ಯಾಜಿಕ್ ಎಲ್ಲರಿಗೂ ಗೊತ್ತು. ಹಿಂದಿನ ಚಕ್ರದ ಎರಡು ಶಾಕ್ ಅಬ್ಸಾರ್ಬರ್ ಮತ್ತು ಇಬ್ಬರು ಕೂರೋ ಉದ್ದನೆ ಸೀಟಿನ ಬಗ್ಗೆ ಯಾರೂ ಮಾತಾಡಲ್ಲ. 1973ರಲ್ಲಿ ಹೆಸರು ಯೆಜ್ಡಿ ಆಯ್ತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಪ್ಪನ ಹತ್ತಿರ ಸೆಕೆಂಡ್ ಹ್ಯಾಂಡ್ ಯೆಜ್ಡಿ ಒಂದಿತ್ತು. ನಾನು ಹುಟ್ಟೋ ಹೊತ್ತಿಗೆ ಮಾರಿಬಿಟ್ಟಿದ್ದರು. ಅದರ ಸದ್ದು, ಅದರ ಎಳೆತ, ಚಾಮುಂಡಿ ಬೆಟ್ಟ ಹತ್ತಿದ್ದು, ಇದನ್ನೆಲ್ಲ ಅಪ್ಪ ಇವತ್ತಿಗೂ ಹೇಳ್ತಾರೆ.

ಮಡಿಕೇರಿಯಿಂದ ವಾಪಸ್ ಬಂದ ಮೇಲೆ ಅಮ್ಮನನ್ನ ಕೇಳಿದೆ, "ಅಪ್ಪನ ಯೆಜ್ಡೀಲಿ ನಿಂಗೆ ಹೇಗಿರ್ತಿತ್ತಮ್ಮ?" ಒಂದು ಕ್ಷಣ ಯೋಚಿಸಿ ಹೇಳಿದಳು, "ಒಂದೇ ಕಡೆಗೆ ಕಾಲು ಹಾಕಿ ಕೂರ್ತಿದ್ದೆ. ಒಂದು ಕೈಲಿ ಸೀರೆ, ಇನ್ನೊಂದು ಕೈಲಿ ಬ್ಯಾಗು. ಹುಣಸೂರು ಬರೋದ್ರೊಳಗೆ ಕಾಲು ಜೋಮು ಹಿಡಿಯೋದು. ಹೇಳಿದ್ರೆ ನಿಮ್ಮಪ್ಪ ನಿಧಾನ ಮಾಡ್ತಾರೆ, ಕತ್ತಲಾಗುತ್ತೆ ಅಂತ ಸುಮ್ಮನಿರ್ತಿದ್ದೆ." ಅಪ್ಪ ಪಕ್ಕದಲ್ಲೇ ಪೇಪರ್ ಓದ್ತಿದ್ದರು. "ನಂಗೆ ಹೇಳೇ ಇಲ್ವಲ್ಲೇ" ಅಂದ್ರು. ಅಮ್ಮ ಉತ್ತರ ಕೊಡಲಿಲ್ಲ.

ಹಿಂದೆ ಕೂರೋರ ಬಗ್ಗೆ ನಮ್ಮ ಕಾನೂನು ಏನು ಹೇಳುತ್ತೆ ಅಂತ ಹುಡುಕಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಇದೆ. ಹಿಂದೆ ಒಬ್ಬರು ಕೂರೋಕೆ ಜಾಗ ಇರೋ ಮೋಟಾರ್ ಸೈಕಲ್ ಮಾಡೋರು ಮೂರು ವಸ್ತು ಕೊಡಲೇಬೇಕು. ಹಿಡಿದುಕೊಳ್ಳೋಕೆ ಹಿಡಿ, ಕಾಲಿಡೋಕೆ ಫುಟ್‌ರೆಸ್ಟ್, ಮತ್ತು ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದ ಹಾಗೆ ಚಕ್ರದ ಅರ್ಧಕ್ಕಿಂತ ಕಡಿಮೆ ಇಲ್ಲದಷ್ಟು ಮುಚ್ಚೋ ಒಂದು ರಕ್ಷಣೆ. ಅದೇ ನಾವು ಕರೆಯೋ ಸೀರೆ ಗಾರ್ಡ್. ಹೊಸ ಬೈಕ್ ತಗೊಂಡ ಮೊದಲ ವಾರಾನೇ ನಾನು ಅದನ್ನ ಕಳಚಿ ಮನೆಯ ಅಟ್ಟಕ್ಕೆ ಹಾಕಿದ್ದೆ. ಚೆನ್ನಾಗಿ ಕಾಣಲ್ಲ ಅಂತ. ಹಿಂದೆ ಕೂರೋರೂ ಮನುಷ್ಯರು ಅಂತ ಕಾನೂನು ಬರೆದಿಟ್ಟ ಒಂದೇ ಒಂದು ಕಬ್ಬಿಣದ ತುಂಡು ಅದು, ನಾನದನ್ನ ಸ್ಟೈಲಿಗೆ ಅಂತ ಬಿಚ್ಚಿದ್ದೆ.

ಇನ್ನು ಸೀಟಿನ ವಿಷಯ. ನಮ್ಮ ಏರಿಯಾದ ಕುಷನ್ ಅಂಗಡಿಯವರ ಹತ್ತಿರ ಗಾಡಿ ತಗೊಂಡು ಹೋಗಿ, "ಹಿಂದಿನ ಸೀಟು ಮೆತ್ತಗೆ ಮಾಡಿಕೊಡಿ" ಅಂದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಹಿಂದೆ ನೀವು ಯಾವತ್ತಾದ್ರೂ ಕೂತಿದೀರಾ?"

ಕೂತಿರಲಿಲ್ಲ. ಅವತ್ತು ಸಂಜೆ ಗೆಳೆಯನ ಕೈಗೆ ಕೀ ಕೊಟ್ಟು ನನ್ನದೇ ಗಾಡಿಯ ಹಿಂದೆ ಕೂತೆ. ರಿಂಗ್ ರೋಡ್ ಒಂದು ಸುತ್ತು ಬರೋದ್ರೊಳಗೆ ಎಲ್ಲ ಅರ್ಥ ಆಯ್ತು. ಬಸ್ಸಿನ ಕೊನೇ ಸೀಟು ನೆನಪಿದೆಯಲ್ಲ? ಹಂಪ್ ಬಂದ ಕೂಡಲೇ ಅಲ್ಲಿ ಕೂತವರ ತಲೆ ಮೇಲಕ್ಕೆ ಹೋಗುತ್ತೆ, ಮಧ್ಯದಲ್ಲಿ ಕೂತವರು ನಿದ್ದೆ ಮಾಡ್ತಿರ್ತಾರೆ. ಬೈಕಿನಲ್ಲೂ ಅದೇ. ಮುಂದೆ ಕೂತವನು ಎರಡು ಚಕ್ರಗಳ ನಡುವೆ ಇರ್ತಾನೆ, ಒಂದು ಚಕ್ರ ಎದ್ದರೆ ಅವನಿಗೆ ತಗಲೋದು ಅದರಲ್ಲಿ ಒಂದು ಭಾಗ. ಹಿಂದೆ ಕೂತವರು ಹೆಚ್ಚುಕಮ್ಮಿ ಹಿಂದಿನ ಚಕ್ರದ ಮೇಲೇ ಇರ್ತಾರೆ, ಅದರ ಏಟು ಪೂರ್ತಿ ಅವರಿಗೇ. ಮುಂದಿನವನಿಗೆ ಗುಂಡಿ ಕಾಣುತ್ತೆ, ಹ್ಯಾಂಡಲ್ ಹಿಡಿದು ಕಾಲ ಮೇಲೆ ಭಾರ ಹಾಕಿ ಅರ್ಧ ಇಂಚು ಏಳ್ತಾನೆ. ಹಿಂದಿನವರಿಗೆ ಕಾಣೋದು ಒಂದು ಹೆಲ್ಮೆಟ್ಟು.

ಆಮೇಲೆ ಕುಷನ್ ಅಂಗಡಿಯವರು ಮತ್ತು ಮೆಕ್ಯಾನಿಕ್ ಹೇಳಿಕೊಟ್ಟಿದ್ದನ್ನ ನಿಮಗೂ ಹೇಳ್ತೀನಿ. ಒಂದು, ಮೆತ್ತಗಿನ ಫೋಮ್ ಅಂಗಡೀಲಿ ಮುಟ್ಟಿದಾಗ ಮಾತ್ರ ಚೆನ್ನ. ನಮ್ಮ ಭಾರ ಬೀಳೋದು ಕೂರೋ ಜಾಗದ ಎರಡು ಮೂಳೆಗಳ ಮೇಲೆ. ಮೆತ್ತಗಿದ್ರೆ ಅವು ಅರ್ಧ ಗಂಟೆಯಲ್ಲಿ ಫೋಮ್ ಅದುಮಿಕೊಂಡು ತಳ ಮುಟ್ಟುತ್ತವೆ. ಕೊಂಚ ಗಟ್ಟಿ ಫೋಮ್, ಅಗಲ ಜಾಸ್ತಿ, ಭಾರ ಹರಡಬೇಕು. ಎರಡು, ಹಿಂದಿನ ಶಾಕ್ ಅಬ್ಸಾರ್ಬರ್‌ಗೆ ಪ್ರೀಲೋಡ್ ಅಂತ ಮೆಟ್ಟಿಲು ಮೆಟ್ಟಿಲಾಗಿ ತಿರುಗಿಸೋ ಒಂದು ಬಳೆ ಇರುತ್ತೆ. ಒಬ್ಬರಿಗೆ ಇಟ್ಟ ಲೆಕ್ಕದಲ್ಲಿ ಇಬ್ಬರು ಕೂತರೆ ಸ್ಪ್ರಿಂಗ್ ಮೊದಲೇ ಅರ್ಧ ಕುಸಿದು, ಗುಂಡಿ ಬಂದಾಗ ಇಳಿಯೋಕೆ ಜಾಗ ಉಳಿದಿರಲ್ಲ. ಎರಡು ಮೆಟ್ಟಿಲು ಏರಿಸಿದ್ವಿ. ಮೂರು, ಇಬ್ಬರ ಲೆಕ್ಕಕ್ಕೆ ಟೈರಿನ ಗಾಳಿ. ನಾಲ್ಕು, 40 ಕಿಲೋಮೀಟರಿಗೆ ಒಂದು ಸಲ ಇಳಿದು ಓಡಾಡೋದು, ಬೇಕು ಅನ್ನಿಸಲಿ ಬಿಡಲಿ. ಫೋಮ್ ಮತ್ತು ಕೂಲಿ ಸೇರಿ ಖರ್ಚಾಗಿದ್ದು 1,800 ರೂಪಾಯಿ. ಸೀರೆ ಗಾರ್ಡ್ ಅಟ್ಟದಿಂದ ಇಳಿಸೋಕೆ ದುಡ್ಡೇನೂ ಆಗಲಿಲ್ಲ.

ಫೆಬ್ರುವರಿಯಲ್ಲಿ ಮತ್ತೆ ಹೊರಟ್ವಿ, ಅದೇ ದಾರಿ. ಹುಣಸೂರಲ್ಲಿ ಇಳಿದು ಇಡ್ಲಿ ತಿಂದ್ವಿ. ಪಿರಿಯಾಪಟ್ಟಣ ದಾಟಿದ್ರೂ ಅಮ್ಮ ಮಾತಾಡ್ತಾ ಇದ್ದಳು, ಚಿಕ್ಕಮ್ಮನ ಮನೆಗೆ ಕೊಡೋ ಉಪ್ಪಿನಕಾಯಿ ಡಬ್ಬಿ ಸೋರ್ತಿದೆಯೇನೋ ಅಂತ. ಬೈಲಕುಪ್ಪೆ ಹತ್ತಿರ ಹೆಗಲ ಮೇಲೆ ಕೈ ಬಿತ್ತು. ನನ್ನ ಎದೆ ಧಸಕ್ ಅಂತು. ಗಾಡಿ ಪಕ್ಕಕ್ಕೆ ಹಾಕಿ ಕೇಳಿದೆ, "ಬಸ್ಸಾ ಅಮ್ಮ?"

"ಬಸ್ಸು ಯಾಕೋ? ಟೀ ಕುಡಿಯೋಣ ಅಂತ" ಅಂದಳು.

ಪೂರ್ತಿ ಸುಖ ಅಂತೇನೂ ಅಲ್ಲ. ಕುಶಾಲನಗರದ ಮೇಲಿನ ತಿರುವುಗಳಲ್ಲಿ ಮಂಡಿ ನೋವು ಅಂದಳು, ಬರುವಾಗ ಚಿಕ್ಕಪ್ಪನ ಕಾರಲ್ಲೇ ಬಂದಳು. ಆದ್ರೆ ಈ ಸಲ ನೋವು ಅಂತ ಬಾಯಿಬಿಟ್ಟು ಹೇಳಿದಳು, ನಾನು ಗಾಡಿ ನಿಲ್ಲಿಸಿದೆ. ಅಪ್ಪನ ಯೆಜ್ಡಿಯಲ್ಲಿ ಇಲ್ಲದೇ ಹೋಗಿದ್ದು ಬಹುಶಃ ಅದೊಂದೇ.

ಈ ವಾರ ನಿಮಗೊಂದು ಕೆಲಸ. ಗಾಡಿ ಕೀ ಯಾರಿಗಾದ್ರೂ ಕೊಟ್ಟು, ನಿಮ್ಮದೇ ಬೈಕಿನ ಹಿಂದಿನ ಸೀಟಲ್ಲಿ ಅರ್ಧ ಗಂಟೆ ಕೂತು ಬನ್ನಿ. ಏನನ್ನಿಸಿತು ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಅಲ್ಲಿವರೆಗೂ ಹೆಲ್ಮೆಟ್ ಹಾಕ್ಕೊಳ್ಳಿ, ಹಿಂದೆ ಕೂತವರಿಗೂ ಹಾಕಿಸಿ.